ಉಮ್ಮ ಕೇಳಿದ ಪ್ರಶ್ನೆ

ಕಳೆದ ವರ್ಷ ಉಮ್ಮನನ್ನು ಕಿಡ್ನಿ ಕಲ್ಲಿನ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನವೇ ನರ್ಸ್ ಬಂದು ಗುದದ್ವಾರದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದರು. "ಬೇಧಿಯಿಲ್ಲ, ಹೊಟ್ಟೆನೋವಿಲ್ಲ, ಇದೇಕೆ?" ಎಂದು ಡಾಕ್ಟರರನ್ನು ಕೇಳಿದೆ.

"ಮಾಸ್ಟ್ರೇ, ಇವರು ಈ ಮೊದಲು ಎರಡು ಸಲ ಆಸ್ಪತ್ರೆಯಲ್ಲಿದ್ದರಲ್ಲ? ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕರುಳಿನಲ್ಲಿ ಸೇರಿಕೊಂಡಿದೆಯೇ ಎಂದು ನೋಡುತ್ತೇವೆ" ಎಂದರು. ಲ್ಯಾಬಿನಲ್ಲಿ ಆಂಟಿಬಯೋಟಿಕ್ ಬೆರೆಸಿದ ತಟ್ಟೆಯ ಮೇಲೆ ಆ ಮಾದರಿಯನ್ನು ಸವರಿ ಇಡುತ್ತಾರಂತೆ. ಔಷಧಿಗೆ ಸಾಯುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುವುದಿಲ್ಲ, ಮೊಂಡು ಬಿದ್ದವು ಮಾತ್ರ ಬೆಳೆಯುತ್ತವೆ.

ಎರಡು ದಿನಗಳ ನಂತರ ವರದಿ ಬಂತು. ಇದೆ! ಉಮ್ಮನನ್ನು ಬೇರೆ ಕೋಣೆಗೆ ಕಳುಹಿಸಿದರು. ನರ್ಸ್‌ಗಳು ಗ್ಲೌಸ್ ಹಾಕಿ ಬರತೊಡಗಿದರು. ಉಮ್ಮ ಮೆಲ್ಲನೆ ಕೇಳಿದರು: "ಮಗನೇ, ನಾನಿನ್ನು ಮೊಮ್ಮಗಳನ್ನು ಎತ್ತಿಕೊಳ್ಳಬಾರದಾ?"

ನನ್ನಲ್ಲಿ ಉತ್ತರವಿರಲಿಲ್ಲ. ಡಾಕ್ಟರರೇ ಹೇಳಿದರು: "ಧಾರಾಳವಾಗಿ ಎತ್ತಿಕೊಳ್ಳಿ ಅಮ್ಮಾ. ಕರುಳಿನಲ್ಲಿ ಸುಮ್ಮನಿದ್ದರೆ ಅದು ಕಾಯಿಲೆಯಲ್ಲ, ಅದಕ್ಕೆ ಮಾತ್ರೆಯೂ ಬೇಡ. ಶೌಚದ ನಂತರ, ಅಡುಗೆಗೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಮುಂದೆ ಸೋಂಕಾದರೆ ಯಾವ ಔಷಧಿ ಕೊಡಬೇಕೆಂದು ಯೋಚಿಸಲು ನಮಗೆ ಈ ವರದಿ ಬೇಕು."

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಉಮ್ಮನಿಗೆ ಉರಿಮೂತ್ರವಾದಾಗಲೆಲ್ಲ ಹಳೆಯ ಚೀಟಿ ತೋರಿಸಿ ಮೆಡಿಕಲ್‌ನಿಂದ ಮಾತ್ರೆ ತಂದವನು ನಾನೇ. ಎರಡು ದಿನದಲ್ಲಿ ಉರಿ ನಿಂತರೆ ಉಳಿದದ್ದು ಬಿಸ್ಕತ್ತಿನ ಡಬ್ಬಕ್ಕೆ. ಅಂಥ ಪ್ರತಿಯೊಂದು ಮಾತ್ರೆಯೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಮೊಂಡು ಜಾತಿಗೆ ಜಾಗ ಮಾಡಿಕೊಡುತ್ತದೆ. ಆಸ್ಪತ್ರೆಯಿಂದ, ನೀರಿನಿಂದಲೂ ಅದು ಬಂದಿರಬಹುದು ಎಂದು ಡಾಕ್ಟರರು ಸಮಾಧಾನ ಹೇಳಿದರು. ಆದರೂ ನನ್ನ ಪಾಲು ನನಗೆ ಗೊತ್ತು.

ಇದು ಒಂದು ಮನೆಯ ಕಥೆಯಲ್ಲ. 2008ರಲ್ಲಿ ದೆಹಲಿಗೆ ಬಂದು ಹೋದ ಸ್ವೀಡನ್ನಿನ ರೋಗಿಯೊಬ್ಬರ ಮೂತ್ರದಲ್ಲಿ ಪ್ರಬಲ ಔಷಧಿಗೂ ಜಗ್ಗದ ಬ್ಯಾಕ್ಟೀರಿಯಾ ಸಿಕ್ಕಿತು. ಅದಕ್ಕೆ ಆ ಶಕ್ತಿ ಕೊಟ್ಟ ಎನ್‌ಡಿಎಂ-1 ಎಂಬ ಜೀನ್ ಅದೇ ರೋಗಿಯ ಮಲದಲ್ಲಿದ್ದ ಬೇರೊಂದು ಜಾತಿಯ ಬ್ಯಾಕ್ಟೀರಿಯಾದಲ್ಲೂ ಇತ್ತು. ಈ ಗುಣವನ್ನು ಅವು ಕರುಳಿನೊಳಗೇ ಒಂದಕ್ಕೊಂದು ದಾಟಿಸಬಲ್ಲವು.

ಆಂಟಿಬಯೋಟಿಕ್ ಪಟ್ಟಿಯ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರರ ಚೀಟಿಯಿಲ್ಲದೆ ತೆಗೆದುಕೊಳ್ಳಬೇಡಿ ಎಂದು ಅದರ ಅರ್ಥ. ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ ನಾನು ಆ ಗೆರೆಯನ್ನು ಓದಿರಲಿಲ್ಲ.

ಉಮ್ಮ ಗುಣವಾಗಿ ಮನೆಗೆ ಬಂದಿದ್ದಾರೆ. ಐದು ಹೊತ್ತು ವುಝೂ ಮಾಡುವ ಕೈಗಳಿಗೆ ಈಗ ಸಾಬೂನೂ ಜೊತೆಯಾಗಿದೆ. ಕೈ ತೊಳೆದು ಒರೆಸಿಕೊಂಡು ಅವರು ಮೊಮ್ಮಗಳನ್ನು ಎತ್ತಿಕೊಳ್ಳುತ್ತಾರೆ. ನಮ್ಮ ಡಬ್ಬದಲ್ಲಿ ಈಗ ಬಿಸ್ಕತ್ತು ಮಾತ್ರ ಇದೆ. ನಿಮ್ಮ ಮನೆಯ ಡಬ್ಬವನ್ನೂ ಒಮ್ಮೆ ತೆರೆದು ನೋಡಿ.