ಸಾರಿಗೆ ಎರಡು ಸಲ ಉಪ್ಪು

ಒಮ್ಮೆ ಅವ್ವ ಹಿತ್ತಲಿಗೆ ಹೋದಾಗ ಅತ್ತಿಗೆ ಸಾರಿಗೆ ಉಪ್ಪು ಹಾಕಿದಳು. ಅವ್ವ ಒಳಗೆ ಬಂದವಳೇ 'ಅಯ್ಯೋ, ಮರೆತಿದ್ದೆನಲ್ಲ' ಎಂದು ತಾನೂ ಹಾಕಿದಳು. ಅಂದು ನಮಗೆಲ್ಲ ಮಜ್ಜಿಗೆಯೇ ಗತಿಯಾಯಿತು. ಇಬ್ಬರಲ್ಲಿ ಯಾರೂ ಅಜಾಗರೂಕರಲ್ಲ. ಇಬ್ಬರೂ ಎಚ್ಚರವಾಗಿದ್ದುದೇ ಆಪತ್ತಿಗೆ ಕಾರಣ. ಈ ಪ್ರಸಂಗ ನನಗೆ ಮತ್ತೆ ನೆನಪಾದುದು ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ.

ಕಲಾ ವಿಭಾಗದವನಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಕನ್ನಡ ಸಂಘದ ಉದ್ಘಾಟನೆಗೆಂದು ವಿದ್ಯಾರ್ಥಿಗಳ ಕವನಗಳ ವೆಬ್ ಪುಟವೊಂದನ್ನು ಸಿದ್ಧಪಡಿಸುವ ಭಾರವನ್ನು ನಾನೂ ನನ್ನ ಗೆಳೆಯನೂ ಹೊತ್ತಿದ್ದೆವು. ಪುಟದ ತಲೆಭಾಗ ನನ್ನದು, ಬುಡ ಅವನದು. ಪ್ರತಿ ಕವನವನ್ನೂ ತೋರಿಸಲು 'ಕವನ-ಚೀಟಿ' ಎಂಬ ಹೊಸ ಟ್ಯಾಗೊಂದನ್ನು ನಾವೇ ಕಟ್ಟಿದ್ದೆವು. ಬಲ್ಲವರು ಇದನ್ನು ವೆಬ್ ಕಾಂಪೊನೆಂಟ್ ಎನ್ನುತ್ತಾರೆ. ಆ ಹೆಸರನ್ನು ಬ್ರೌಸರಿನಲ್ಲಿ ನೋಂದಾಯಿಸಿ, ಬಳಿಕ ಕವನಗಳನ್ನು ಪುಟಕ್ಕೆ ತುಂಬುವುದು ಒಂದೇ ಸ್ಕ್ರಿಪ್ಟಿನ ಕೆಲಸ.

ಉದ್ಘಾಟನೆಯ ಹಿಂದಿನ ಸಂಜೆ ತೆರೆದು ನೋಡಿದರೆ ಶೀರ್ಷಿಕೆಯಿದೆ, ಕವನ ಒಂದೂ ಇಲ್ಲ! 'ನೀನು ಕೆಡಿಸಿದೆ' ಎಂದ ಗೆಳೆಯ. 'ನೀನೇ' ಎಂದೆ ನಾನು. ಮೂರು ವರ್ಷದ ಸ್ನೇಹ ಮೂರು ನಿಮಿಷದಲ್ಲಿ ಮುರಿದುಬಿತ್ತು.

ರಾತ್ರಿ ಹಾಸ್ಟೆಲಿನಲ್ಲಿ ಬ್ರೌಸರಿನ ಕನ್ಸೋಲ್ ತೆರೆದಾಗ ನಿಜ ತಿಳಿಯಿತು. ಅದೇ ಸ್ಕ್ರಿಪ್ಟನ್ನು ನಾನು ಮೇಲೆ, ಅವನು ಕೆಳಗೆ ಸೇರಿಸಿದ್ದೆವು. ಮೇಲಿನದು ಹೆಸರನ್ನು ನೋಂದಾಯಿಸಿತು. ಆದರೆ ಕವನ ಇಡಬೇಕಾದ ಜಾಗ ಪುಟದಲ್ಲಿ ಆಗಿನ್ನೂ ಮೂಡಿರಲಿಲ್ಲ. ಕೆಳಗಿನದು ಅದೇ ಹೆಸರನ್ನು ಮತ್ತೆ ನೋಂದಾಯಿಸಲು ಹೋಯಿತು. ಒಂದು ಹೆಸರಿಗೆ ಒಂದೇ ನೋಂದಣಿ ಎಂಬುದು ಬ್ರೌಸರಿನ ಕಟ್ಟಳೆ; ಅದು ದೋಷವೆಂದು ಸಾರಿ ಸ್ಕ್ರಿಪ್ಟನ್ನು ಅಲ್ಲಿಯೇ ತಡೆಯಿತು.

ಪಶ್ಚಾತ್ತಾಪದಿಂದ ನನ್ನ ಸಾಲನ್ನು ಅಳಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಪುಟ ಮತ್ತೆ ಬರಿದು! ಗೆಳೆಯನೂ ಅದೇ ಪಶ್ಚಾತ್ತಾಪದಿಂದ ತನ್ನ ಸಾಲನ್ನು ಅಳಿಸಿದ್ದ. ಈ ಸಲ ಸಾರಿಗೆ ಉಪ್ಪೇ ಇಲ್ಲ. ಇಬ್ಬರಿಗೂ ನಗು ಬಂತು; ಜಗಳ ಮುಗಿಯಿತು.

ಇಬ್ಬರೂ ಕುಳಿತು ಹುಡುಕಿದಾಗ ಸಿಕ್ಕ ಉಪಾಯ, 2015ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೆ ಸೇರಿದ ಮಾಡ್ಯೂಲ್. ಬೇಕಾದವರೆಲ್ಲ ಅದನ್ನು 'ಇಂಪೋರ್ಟ್' ಎಂದು ಕೇಳಬಹುದು. ಎಷ್ಟು ಮಂದಿ ಕೇಳಿದರೂ ಒಂದು ಪುಟದಲ್ಲಿ ಒಂದು ವಿಳಾಸದ ಮಾಡ್ಯೂಲನ್ನು ಬ್ರೌಸರ್ ಒಂದೇ ಸಲ ನಡೆಸುತ್ತದೆ. ಆದರೆ ವಿಳಾಸ ಅಕ್ಷರಶಃ ಒಂದೇ ಇರಬೇಕು. ಒಬ್ಬರು ಅದರ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯಿಟ್ಟು ಆವೃತ್ತಿಯ ಸಂಖ್ಯೆ ಬರೆದರೂ ಸಾಕು, ಇದು ಬೇರೆಯೇ ಎಂದು ಬಗೆದು ಮತ್ತೊಮ್ಮೆ ನಡೆಸುತ್ತದೆ. 'ಈ ಹೆಸರು ಆಗಲೇ ಇದೆಯೇ' ಎಂದು ನೋಡಿ ನೋಂದಾಯಿಸುವುದೂ ಉಂಟು. ಆಗ ದೋಷದ ಸದ್ದು ಅಡಗುತ್ತದೆ, ನಿಜ. ಆದರೆ ಹಳೆಯ ಪ್ರತಿ ಮೊದಲು ಬಂದಿದ್ದರೆ ಅದೇ ಉಳಿದುಬಿಡುತ್ತದೆ.

ಅಂತೂ ಉದ್ಘಾಟನೆಯ ಹೊತ್ತಿಗೆ ಕವನಗಳೆಲ್ಲ ಕಂಡವು. ಒಬ್ಬೊಬ್ಬರ ಎಚ್ಚರ ಸಾಲದು, ಎಲ್ಲರೂ ಒಂದೇ ಕಡೆ ಕೇಳಿ ಪಡೆಯುವ ಏರ್ಪಾಡು ಬೇಕು ಎಂಬುದನ್ನು ನಾನು ಕಲಿತೆ. ರಜೆಯಲ್ಲಿ ಊರಿಗೆ ಹೋದಾಗ ಈ ಹೊಸ ವಿದ್ಯೆಯನ್ನು ಅವ್ವನಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅವಳ ದನಿ ಕೇಳಿಸಿತು: "ಉಪ್ಪು ಹಾಕಿದೀಯೇನೇ?"