ಮಾಗಳಿ ಬೇರಿಗೂ ಒಂದು ಹೂವಿದೆ

ಮಾಗಳಿ ಬೇರಿನ ಉಪ್ಪಿನಕಾಯಿ ವಿಷಯದಲ್ಲಿ ಜನ ಎರಡೇ ಪಂಗಡ. ಜಾಡಿಯ ಮುಚ್ಚಳ ತೆಗೆದ ಕೂಡಲೇ "ಆಹಾ" ಅನ್ನುವವರು ಒಂದು, "ಥೂ, ತಿಗಣೆ ವಾಸನೆ" ಅಂತ ಮೂಗು ಮುಚ್ಚಿಕೊಂಡು ಎದ್ದು ಹೋಗುವವರು ಇನ್ನೊಂದು. ನಡುವಿನವರನ್ನು ನಾನಂತೂ ಕಂಡಿಲ್ಲ. ನಮ್ಮ ಮನೆಯವರು ಮೊದಲನೇ ಪಂಗಡ. ಬೇರನ್ನು ನೆನೆಸಿ, ಮಣ್ಣು ತೊಳೆದು, ಸಿಪ್ಪೆ ಹೆರೆದು, ನಡುವಿನ ಕಡ್ಡಿ ತೆಗೆದು ಬಿಸಾಕಿ, ಸಣ್ಣಗೆ ಹೆಚ್ಚಿ ನಿಂಬೆರಸಕ್ಕೆ ಹಾಕಬೇಕು. ಉಪ್ಪು, ಸಾಸಿವೆ, ಖಾರದಪುಡಿ ಬೆರೆಸಿ ಜಾಡಿಯ ಬಾಯಿ ಕಟ್ಟಿಟ್ಟರೆ ವರ್ಷವಿಡೀ ಮೊಸರನ್ನಕ್ಕೆ ಚಿಂತೆಯಿಲ್ಲ. ನಿಂಬೆರಸದ ಬದಲು ಹುಳಿ ಮೊಸರಿಗೆ ಹಾಕುವವರೂ ಇದ್ದಾರೆ.

ಇಷ್ಟೆಲ್ಲ ಬಲ್ಲ ನಮ್ಮ ದೊಡ್ಡಮ್ಮನನ್ನು ಒಮ್ಮೆ ಕೇಳಿದೆ, "ಮಾಗಳಿ ಹೂವು ಹೆಂಗಿರ್ತದೆ ದೊಡ್ಡಮ್ಮ?"

"ಅಯ್ಯೋ ನಿನ್ನ, ಬೇರಿಗೆ ಎಲ್ಲಾದ್ರೂ ಹೂವು ಬಿಡ್ತದೇನೋ!" ಅಂತ ನಕ್ಕುಬಿಟ್ಟರು.

ಮಿಡಿಗೇಶಿಯಲ್ಲಿ ಇನ್ನೂ ನಾಲ್ಕೈದು ಮನೆಯಲ್ಲಿ ಕೇಳಿ ನೋಡಿದೆ. ಹೂವು ಕಂಡವರು ಒಬ್ಬರೂ ಇಲ್ಲ. ಐವತ್ತು ವರ್ಷ ಒಂದು ಗಿಡವನ್ನು ತಿಂದಿದ್ದೇವೆ, ಅದರ ಮುಖ ನೋಡಿಲ್ಲ. ಅದರ ಕಷ್ಟವೆಲ್ಲ ಇಲ್ಲೇ ಇದೆ ಅನ್ನಿಸುತ್ತೆ ನನಗೆ.

ಮಾಗಳಿ ಅನ್ನೋದು ಹಬ್ಬಿಕೊಂಡು ಬೆಳೆಯುವ ಒಂದು ಬಳ್ಳಿಪೊದೆ. ಎಲೆ ಕಿತ್ತರೆ ಹಾಲು ಬರುತ್ತೆ. ಹೂವು ಚಿಕ್ಕದು, ಮಾಸಲು ಬಿಳಿ, ಗೊಂಚಲು ಗೊಂಚಲಾಗಿ ಬಿಡುತ್ತೆ. ದೂರದಿಂದ ನೋಡಿದರೆ ಕಣ್ಣಿಗೇ ಬೀಳುವುದಿಲ್ಲ. ಆಮೇಲೆ ಜೋಡಿ ಜೋಡಿ ಕಾಯಿ. ಕಾಯಿ ಒಣಗಿ ಬಿರಿದರೆ ಎಕ್ಕದ ಬೀಜದ ಹಾಗೆ ರೇಷ್ಮೆ ಕುಚ್ಚು ಕಟ್ಟಿಕೊಂಡ ಬೀಜಗಳು ಗಾಳಿಯಲ್ಲಿ ಹಾರುತ್ತವೆ. ಎಕ್ಕ, ಸೊಗದೆ, ಮಾಗಳಿ ಎಲ್ಲ ಒಂದೇ ಕುಟುಂಬ. ಸೊಗದೆ ಬೇರು ಅಂದರೆ ಮಾಗಳಿಯೇ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಸೊಗದೆ ಸಣಕಲು ಬಳ್ಳಿ, ಬೇರೂ ತೆಳು. ಮಾಗಳಿ ಬೇರು ದಪ್ಪ, ರಸಭರಿತ. ಆದರೆ ವಾಸನೆ ಹತ್ತಿರ ಹತ್ತಿರ ಇರುವುದರಿಂದ ಔಷಧಿಗೆ, ಶರಬತ್ತಿಗೆ ಸೊಗದೆಯ ಬದಲು ಮಾಗಳಿಯನ್ನೇ ಬಳಸುವುದುಂಟು. ಹಾಗಾಗಿ ಕೇಳುವವರು ಉಪ್ಪಿನಕಾಯಿಯವರು ಮಾತ್ರ ಅಲ್ಲ.

1834ರಲ್ಲಿ ರಾಬರ್ಟ್ ವೈಟ್ ಮತ್ತು ವಾಕರ್ ಆರ್ನಾಟ್ ಎಂಬ ಸಸ್ಯಶಾಸ್ತ್ರಜ್ಞರು ಇದಕ್ಕೆ ಡೆಕಾಲೆಪಿಸ್ ಹ್ಯಾಮಿಲ್ಟೋನಿ ಅಂತ ಹೆಸರಿಟ್ಟರು. ಇಡೀ ಪ್ರಪಂಚದಲ್ಲಿ ಇದು ತಾನಾಗಿ ಬೆಳೆಯುವುದು ದಕ್ಷಿಣ ಭಾರತದಲ್ಲಿ ಮಾತ್ರ. ಅದೂ ಎಲ್ಲ ಕಡೆ ಅಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡಿನ ಒಣ ಕುರುಚಲು ಕಾಡು, ಬಂಡೆ ಬೆಟ್ಟಗಳೇ ಇದರ ಮನೆ. ಅಂದರೆ ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯಂಥ ನೆಲ. ನಾವು "ಏನೂ ಬೆಳೆಯದ ಬೋರೆ" ಅನ್ನುವ ಕಡೆಯೇ ಇದಕ್ಕೆ ಇಷ್ಟ. ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ಹೆಣ್ಣುಮಗಳಿಂದ ಮಿಡಿಗೇಶಿಗೆ ಆ ಹೆಸರು ಬಂತು ಅಂತ ಹಿರಿಯರು ಹೇಳುತ್ತಾರೆ. ಈ ಬೇರುಗಳೂ ಹಾಗೇ, ಬಂಡೆ ಸಂದಿಯಲ್ಲಿ ಜಡೆ ಬಿಟ್ಟ ಹಾಗೆ ಇಳಿದಿರುತ್ತವೆ.

ಆ ವಾಸನೆಯ ಗುಟ್ಟೂ ಸ್ವಾರಸ್ಯವಾಗಿದೆ. ಐಸ್‌ಕ್ರೀಮಿಗೆ ಹಾಕುವ ವೆನಿಲ್ಲಾದ ಪರಿಮಳ ವೆನಿಲಿನ್ ಎಂಬ ರಾಸಾಯನಿಕದ್ದು. ಮಾಗಳಿ ಬೇರಿನಲ್ಲಿ ಇರುವುದು ಅದರ ಒಡಹುಟ್ಟು. ಪರಮಾಣುಗಳೆಲ್ಲ ಅವೇ, ಅಷ್ಟೇ. ಕೂತ ಜಾಗ ಮಾತ್ರ ಬೇರೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಈ ಬೇರಿನ ಎಣ್ಣೆಯ ಮೇಲೆ ಕೆಲಸ ಮಾಡಿದ್ದಾರೆ, ಅಂಗಾಂಶ ಕೃಷಿಯಲ್ಲಿ ಸಸಿ ಬೆಳೆಸುವ ದಾರಿಯನ್ನೂ ತೋರಿಸಿದ್ದಾರೆ. ಅಂಥ ಸಸಿ ನಮ್ಮೂರಿನ ಹೊಲಕ್ಕೆ ಬಂದಿದ್ದನ್ನು ನಾನು ನೋಡಿಲ್ಲ. ಪೇಟೆಗೆ ಬರುವ ಬೇರು ಬೆಟ್ಟದ್ದೇ.

ನೆಲ್ಲಿಕಾಯಿ ಕಿತ್ತರೆ ಮರ ಉಳಿಯುತ್ತೆ. ಸೊಪ್ಪು ಕೊಯ್ದರೆ ಮತ್ತೆ ಚಿಗುರುತ್ತೆ. ಬೇರನ್ನೇ ಪೂರ್ತಿ ಅಗೆದರೆ? ಗಿಡ ಹೋಯಿತು, ಅದು ಮುಂದೆ ಬಿಡಬೇಕಿದ್ದ ಹೂವು ಹೋಯಿತು, ಹಾರಬೇಕಿದ್ದ ಬೀಜವೂ ಹೋಯಿತು. ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಮಾಗಳಿ ಅಳಿವಿನ ಅಪಾಯದಲ್ಲಿರುವ ಸಸ್ಯ. ನಮ್ಮ ಅಡುಗೆಮನೆಯ ಜಾಡಿಯಲ್ಲಿರುವುದು ಅದೇ.

ಮಧುಗಿರಿ ಪೇಟೆಯಲ್ಲಿ ಬೇರಿನ ಕಟ್ಟು ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜನನ್ನು ಮಾತಾಡಿಸಿದೆ. "ಮೊದ್ಲು ಬೆಟ್ಟದ ಬುಡದಾಗೇ ಸಿಗೋದು ಸಾಮಿ. ಈಗ ನೆತ್ತಿಗಂಟ ಹತ್ಬೇಕು. ಅಲ್ಲಿ ಕರಡಿ ಕಾಟ" ಅಂದ. ನಮ್ಮಪ್ಪ ತಾಯಿಬೇರು ಮುಟ್ತಿರಲಿಲ್ಲ, ಪಕ್ಕದ್ದು ಎರಡು ತಗಂಡು ಮಣ್ಣು ಮುಚ್ಚಿ ಬರೋನು ಅಂತಲೂ ಹೇಳಿದ. ಹಂಗಾದ್ರೆ ನೀವ್ಯಾಕೆ ಹಂಗೆ ಮಾಡಲ್ಲ ಅಜ್ಜ ಅಂದೆ. "ನಾನು ಬಿಟ್ಟು ಬಂದ್ರೆ ಸಾಯಂಕಾಲಕ್ಕೆ ಇನ್ನೊಬ್ಬ ಅಗ್ಕಂಡೋಗ್ತಾನೆ. ಬಿಟ್ಟೋನು ಪೆದ್ದ ಆಗ್ತಾನೆ ಸಾಮಿ."

ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕರಡಿಗೆ ಹೆದರಿಕೊಂಡು ಬೆಟ್ಟ ಹತ್ತುವವನಿಗೆ, ಕೂತಲ್ಲೇ ಮೊಸರನ್ನ ಕಲಸುವ ನಾವು ಬುದ್ಧಿ ಹೇಳುವುದು ಚೆನ್ನಾಗಿರಲ್ಲ.

ನಮ್ಮದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆ ಅಂತ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಮೀಸಲಿಟ್ಟರು. ಒಳ್ಳೇದೇ ಆಯಿತು. ಜಿಂಕೆ ನೆಗೆಯುವುದನ್ನು ನೋಡಲು ಬೆಂಗಳೂರಿಂದ ಕ್ಯಾಮೆರಾ ಹಿಡಿದು ಜನ ಬರುತ್ತಾರೆ. ಕಣ್ಣಿಗೆ ಕಂಡಿದ್ದಕ್ಕೆ ಮರುಕ ಹುಟ್ಟುತ್ತೆ. ಬಂಡೆ ಸಂದಿಯಲ್ಲಿ ಮಾಸಲು ಹೂವು ಬಿಟ್ಟು ನಿಂತ ಮಾಗಳಿಗೆ ಯಾರು ಮರುಗುತ್ತಾರೆ? ನಮಗೆ ಗೊತ್ತಿರುವುದು ಅದರ ಹೆಣ ಮಾತ್ರ, ಕಟ್ಟು ಕಟ್ಟಿ ತೂಕಕ್ಕಿಟ್ಟಿದ್ದು.

ಇದನ್ನು ಬಿಡಿಸಬೇಕಾದವರು ಕೊಳ್ಳುವವರೇ. ಬೆರಳ ಗಾತ್ರದ ಎಳೇ ಬೇರು ಕೊಳ್ಳದೆ ಬಿಡಬಹುದು. ಯಾರಾದರೂ ಹೊಲದಲ್ಲಿ ಬೆಳೆದು ತಂದರೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ತೋಟದ ಬೇಲಿಗೆ ಹಬ್ಬಿಸಿದರೆ ಜಾಗವೂ ದಂಡವಲ್ಲ. ಆದರೆ ಬೇರು ದಪ್ಪಗಾಗಲು ವರ್ಷಗಳೇ ಹಿಡಿಯುತ್ತವೆ, ಕಾಯುವ ತಾಳ್ಮೆ ಬೇಕು.

ಈ ವರ್ಷ ಮಾಗಳಿ ತರುವುದಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ದೊಡ್ಡಮ್ಮನಿಗೆ ಸಿಟ್ಟು ಬಂದಿದೆ. "ನಾವು ಒಂದು ಜಾಡಿ ಬಿಟ್ರೆ ಬೆಟ್ಟ ತುಂಬ್ಕಂಡ್ಬಿಡ್ತದಾ?" ಅಂತಾರೆ. ತುಂಬಿಕೊಳ್ಳಲ್ಲ, ನನಗೂ ಗೊತ್ತು. ಒಂದು ಜಾಡಿಗೆ ಬೇಕಾಗುವುದು ಎರಡೋ ಮೂರೋ ಗಿಡದ ಬೇರು. ಅಷ್ಟು ಗಿಡ ಈ ಸಲ ಹೂವು ಬಿಡಲಿ.