ಬೆಲ್ಲದ ಚಹಾ

ಬೆಳಗಿನ ಐದೂವರೆಗೆ ನಮ್ಮ ಮನೆಯ ಒಲೆಯ ಮೇಲೆ ಎರಡು ಪಾತ್ರೆ ಇರುತ್ತವೆ. ಒಂದರಲ್ಲಿ ಹಾಲು. ಇನ್ನೊಂದರಲ್ಲಿ ನೀರು, ಜಜ್ಜಿದ ಹಸಿ ಶುಂಠಿ, ಬೆಲ್ಲ. ಎಲ್ಲವನ್ನೂ ಒಂದೇ ಪಾತ್ರೆಗೆ ಸುರುವಿ ಕುದಿಸಿದರೆ ತೊಳೆಯುವ ಕೆಲಸ ಕಡಿಮೆಯಾಗುತ್ತದೆ ನಿಜ. ಆದರೆ ಬೆಲ್ಲದ ಚಹಾಕ್ಕೆ ಆ ಅವಸರ ಒಗ್ಗುವುದಿಲ್ಲ. ಬೆಲ್ಲದಲ್ಲಿ ತುಸು ಹುಳಿ ಅಡಗಿರುತ್ತದೆ. ಕುದಿಯುವ ಹಾಲಿಗೆ ಅದು ತಾಗಿತೋ, ಹಾಲು ಒಡೆಯಿತೆಂದೇ ಲೆಕ್ಕ.

ಇದನ್ನು ನಾನು ಕಲಿತದ್ದು ಅವ್ವನಿಂದ, ಧಾರವಾಡದ ಮಗ್ಗುಲಿನ ಹಳ್ಳಿಯಲ್ಲಿ. ರೇಷನ್ ಕಾರ್ಡು ತೋರಿಸಿ ಸಕ್ಕರೆ ತೂಗಿಸಿಕೊಂಡು ಬರುತ್ತಿದ್ದ ದಿನಗಳವು. ತಂದ ಸಕ್ಕರೆ ನೆಟ್ಟಗೆ ಮೇಲಿನ ಮಾಡದ ಡಬ್ಬಿ ಸೇರುತ್ತಿತ್ತು. ಅದು ಬೀಗರಿಗೆ, ಸಾಲಿ ಮಾಸ್ತರರಿಗೆ, ಕನ್ಯಾ ನೋಡಲು ಬಂದವರಿಗೆ. ಮನೆಮಂದಿಗೆಲ್ಲ ಬೆಲ್ಲದ ಚಹಾ. ನಮಗೆ ಅದು ಕಡಿಮೆಯದು ಎಂದು ಒಮ್ಮೆಯೂ ಅನ್ನಿಸಲಿಲ್ಲ, ಯಾಕೆಂದರೆ ಅವ್ವ ಅದನ್ನು ಮಾಡುತ್ತಿದ್ದ ರೀತಿಯೇ ಹಾಗಿತ್ತು.

ಜರ್ಮನ್ ಬೋಗುಣಿಯಲ್ಲಿ ನೀರು ಮರಳುವಾಗ ಕರಿಬೆಲ್ಲದ ತುಣುಕು ಬೀಳುತ್ತಿತ್ತು. ಅದು ಕರಗಿ ನೊರೆ ಎದ್ದ ಮೇಲೆ ಚಹಾಪುಡಿ. ಎರಡು ಕುದಿ ಬಂದೊಡನೆ ಇಳಿಸಿ, ಹಳೆಯ ಧೋತರದ ಅರಿವೆಯಲ್ಲಿ ಸೋಸಿ ಬಿಡುತ್ತಿದ್ದಳು. ನಾವು ವಾಟಗ ಹಿಡಿದು ಸುತ್ತಲೂ ಕೂತಿದ್ದರೂ ಹಾಲು ಹಾಕುತ್ತಿರಲಿಲ್ಲ. "ತಡೀರಿ, ಅದರ ಸಿಟ್ಟ ಇಳೀಲಿ" ಅನ್ನುತ್ತಿದ್ದಳು. ಉಗಿ ತುಸು ತೆಳುವಾದ ಮೇಲೆ, ಬೇರೆ ಕಾಸಿಟ್ಟ ಹಾಲನ್ನು ಸಣ್ಣ ಧಾರೆಯಾಗಿ ಬಿಡುವಳು. ಕಪ್ಪಗಿದ್ದ ಚಹಾ ಅಂಚಿನಿಂದ ಕೆಂಪಾಗುತ್ತ, ಮೊದಲ ಮಳೆ ಬಿದ್ದ ಮಸಾರಿ ಹೊಲದ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಅಷ್ಟು ಸಾಕು ಎಂದು ಅವ್ವನ ಕೈ ನಿಲ್ಲುವುದೂ ಅಲ್ಲಿಗೇ. ಅವಳಿಗೆ ಅಳತೆಯ ಚಮಚ ಬೇಕಿರಲಿಲ್ಲ, ಆ ಬಣ್ಣವೇ ಅಳತೆ.

ನಮ್ಮ ಕಡೆಯ ಮಾತಿನಲ್ಲಿ ಅದು ಚಹಾ, ಅವಸರದಲ್ಲಿ ಚಾ. ಮೈಸೂರು ಕಡೆಯವರು ಟೀ ಅನ್ನುತ್ತಾರೆ. ಎರಡೂ ಚೀನಾದ ಮಾತುಗಳೇ. ಅಲ್ಲಿನ ಬಹುಪಾಲು ಸೀಮೆಯಲ್ಲಿ ಆ ಎಲೆಗೆ ಚಾ ಎಂದೂ, ಫುಜಿಯಾನ್ ಕರಾವಳಿಯಲ್ಲಿ ತೆ ಎಂದೂ ಹೆಸರು. ತೆ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ ಇಂಗ್ಲಿಷರ ಬಾಯಲ್ಲಿ ಟೀ ಆಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿ ಇದ್ದವು. ಮರಾಠಿಯವರ ಚಹಾ ನಮ್ಮ ನಾಲಿಗೆಯಲ್ಲೂ ಉಳಿಯಿತು. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟನ್ನು ಬೆಳೆಯುವ ರಾಜ್ಯದಲ್ಲಿದ್ದೂ ನಾವು ಚಹಾದ ಮಂದಿ. ಮನೆಗೆ ಬಂದವರು ಎದ್ದು ನಿಂತರೆ, "ಹಂಗ ಹೊಂಟ್ರ ಹೆಂಗ್ರೀ, ಒಂದ ಗುಟುಕ ಚಾ ಕುಡದ ಹೋಗ್ರಿ" ಎಂಬ ಮಾತು ಯಾವ ಮನೆಯಲ್ಲೂ ತಪ್ಪದು.

ಅಪ್ಪನ ಚಹಾ ಹುಬ್ಬಳ್ಳಿಯ ಪೇಟೆಯದು. ಹತ್ತಿ ಮಾರಲು ಹೋದಾಗ ನನ್ನನ್ನೂ ಕರೆದೊಯ್ಯುತ್ತಿದ್ದ. ವ್ಯಾಪಾರ ಮುಗಿದ ಮೇಲೆ ಅವನೂ ಅವನ ಗೆಳೆಯರೊಬ್ಬರೂ ಅಂಗಡಿಯ ಬಾಕಿನ ಮೇಲೆ ಕೂತು ಒಂದೇ ಚಹಾ ಹೇಳುವರು. ಕಪ್ಪು-ಬಸಿ ಬರುತ್ತಿತ್ತು. ಅರ್ಧ ಬಸಿಗೆ ಸುರುವಿ, "ಕಪ್ ನೀವ್ ತಗೋರಿ, ನನಗ ಬಸಿ ಸಾಕು" ಎಂದು ಇಬ್ಬರೂ ಜಗ್ಗಾಡುತ್ತಿದ್ದರು. ಕೊನೆಗೆ ಬಸಿ ಸಿಕ್ಕವರು ಅದನ್ನು ಐದೂ ಬೆರಳ ತುದಿಯ ಮೇಲೆ ಎತ್ತಿ ಹಿಡಿದು, ಊದಿ, ಸುರ್ರೆಂದು ಹೀರುತ್ತಿದ್ದರು. ಇವತ್ತಿನ ಬೈಟುವಿನಲ್ಲಿ ಎರಡು ಲೋಟ ಬರುತ್ತವೆ. ಒಂದೇ ಕಪ್ಪನ್ನು ಇಬ್ಬರಾಗಿ ಉಣ್ಣುವ ಆ ಸಲಿಗೆ ನನಗೆ ಈಗಲೂ ದೊಡ್ಡದೆನ್ನಿಸುತ್ತದೆ.

ಬೇರೆ ಚಹಾಗಳನ್ನು ಕುಡಿಯದೆ ಬೆಲ್ಲದ ಚಹಾವನ್ನು ಹೊಗಳುತ್ತಿಲ್ಲ. ಭಟ್ಕಳದಲ್ಲಿ ಬಿರಿಯಾನಿಯ ಮೇಲೆ ಕುಡಿದ ಸುಲೈಮಾನಿಯ ನಿಂಬೆಹುಳಿ ಚೆನ್ನಾಗಿಯೇ ಇತ್ತು. ಮಗಳು ಡಾರ್ಜಿಲಿಂಗಿನ ಮಾರ್ಚ್ ತಿಂಗಳ ಮೊದಲ ಚಿಗುರು ತಂದುಕೊಟ್ಟಾಗ, ಅದನ್ನು ಕುದಿಸಬಾರದು, ಮೂರು ನಿಮಿಷ ಬಿಸಿನೀರಲ್ಲಿ ಬಿಟ್ಟು ಸೋಸಬೇಕು, ಹಾಲು ಹಾಕಲೇಬಾರದು ಎಂದು ಹೇಳಿಕೊಟ್ಟಳು. ಬಂಗಾರದ ಬಣ್ಣ, ಹೂವಿನ ಕಂಪು. ಮಧ್ಯಾಹ್ನ ಒಬ್ಬನೇ ಓದುತ್ತ ಕೂತಾಗ ಅದನ್ನು ಇಷ್ಟಪಟ್ಟು ಕುಡಿಯುತ್ತೇನೆ. ಆದರೆ ಆ ಎಲೆಗೆ ಬೆಲ್ಲ ಹಾಕುವಂತಿಲ್ಲ. ಬೆಲ್ಲವನ್ನೂ ಹಾಲನ್ನೂ ತಾಳಿಕೊಳ್ಳುವ ಕಸುವು ಇರುವುದು ಕಾಳುಕಾಳಾದ ಸಿಟಿಸಿ ಪುಡಿಗೆ. ಹಲ್ಲಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಆ ಯಂತ್ರ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು. ಆ ಪುಡಿ ಬೇಗ ಬಣ್ಣ ಬಿಡುತ್ತದೆ, ಸ್ವಲ್ಪಕ್ಕೇ ಹೆಚ್ಚು ಕಪ್ಪು ಒದಗುತ್ತದೆ. ಚಹಾ ಬಲ್ಲವರಲ್ಲಿ ಅದನ್ನು ಕೀಳಾಗಿ ಕಾಣುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹತ್ತು ಮಂದಿಯ ಮನೆಯಲ್ಲಿ ಹತ್ತೂ ಮಂದಿಗೆ ಚಹಾ ದಕ್ಕಿದ್ದು ಅದರಿಂದ.

ನನ್ನ ದಿನಕ್ಕೆ ಮೂರೇ ಚಹಾ: ಬೆಳಗಿನದು, ಮಧ್ಯಾಹ್ನದ್ದು, ನಾಲ್ಕು ಗಂಟೆಯದು. ಪುಡಿಯನ್ನು ಪಾವ್ ಕಿಲೋ ಮೀರಿ ತರುವುದಿಲ್ಲ, ಹಳತಾದರೆ ಕಂಪು ಹೋಗುತ್ತದೆ. ಬೆಲ್ಲದ ವಿಷಯದಲ್ಲಿ ಮಾತ್ರ ಹಟ ಜಾಸ್ತಿ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಹಾಕಿದ, ಹಳದಿ ಹೊಳೆಯುವ ಬೆಲ್ಲ ನನಗೆ ಬೇಡ. ಮಹಾಲಿಂಗಪುರದ ಪೇಟೆ ಕಡೆ ಹೋಗುವವರು ಸಿಕ್ಕರೆ ಕಪ್ಪನೆಯ ಪೆಂಟೆಯನ್ನೇ ಹೇಳಿ ತರಿಸುತ್ತೇನೆ. ಒಂದು ತುಣುಕು ಬಾಯಿಗೆ ಹಾಕಿದರೆ ಗಾಣದ ಮನೆಯ ಹೊಗೆ ನಾಲಿಗೆಗೆ ತಿಳಿಯಬೇಕು.

ಅವ್ವ ಹೋಗಿ ಹನ್ನೊಂದು ವರ್ಷವಾಯಿತು. ಸಕ್ಕರೆಯ ಡಬ್ಬಿ ಈಗ ಕೈಗೆಟಕುವ ಹಲಗೆಯ ಮೇಲೇ ಇದೆ, ತುಂಬಿಯೂ ಇದೆ. ಬೀಗರು ಬಂದರೂ ನಾನು ಅದನ್ನು ತೆಗೆಯುವುದಿಲ್ಲ. ಚಹಾ ಸೋಸಿ ಕೆಳಗಿಟ್ಟು, ಸಿಟ್ಟು ಇಳಿಯಲೆಂದು ಕಾಯುವ ಆ ನಿಮಿಷದಲ್ಲೇ ಬಂದವರ ಮನೆಯ ಸುದ್ದಿ, ಹೊಲದ ಸುದ್ದಿ, ಮಕ್ಕಳ ಸುದ್ದಿ ಎಲ್ಲ ಕೇಳಿ ಮುಗಿಯುತ್ತದೆ.

ಧಾರವಾಡದ ಕಡೆ ಬಂದರೆ ನಾಲ್ಕು ಗಂಟೆಯ ಹೊತ್ತಿಗೆ ಬರ್ರಿ. ಹಾಲು ಬೇರೆ ಕಾಸಿಟ್ಟಿರುತ್ತೇನೆ.